ಪುಟದ ಹಣೆಬರಹ

ಬ್ರೌಸರಿನಲ್ಲಿ ಒಂದು ವಿಳಾಸ ಒತ್ತಿದರೆ ಆಚೆ ಬದಿಯ ಸರ್ವರ್ ಎರಡರಲ್ಲಿ ಒಂದು ಕೆಲಸ ಮಾಡುತ್ತದೆ. ಡೇಟಾಬೇಸಿನಿಂದ ಲೇಖನ ಹುಡುಕಿ ತೆಗೆದು, ಅದಕ್ಕೆ ಶೀರ್ಷಿಕೆ, ತಾರೀಖು, ಪಕ್ಕದ ಪಟ್ಟಿ ಎಲ್ಲ ಹೊಂದಿಸಿ, ನೀವು ಕೇಳಿದ ಆ ಗಳಿಗೆಯಲ್ಲೇ ಪುಟ ಕಟ್ಟಿ ಕಳಿಸುತ್ತದೆ. ಇಲ್ಲವೇ, ಯಾವತ್ತೋ ಕಟ್ಟಿಟ್ಟ ಫೈಲನ್ನು ಎತ್ತಿ ಕೊಟ್ಟು ಸುಮ್ಮನಾಗುತ್ತದೆ. 1991ರಲ್ಲಿ ಸರ್ನ್ ಪ್ರಯೋಗಾಲಯದಿಂದ ಟಿಮ್ ಬರ್ನರ್ಸ್-ಲೀ ಲೋಕದ ಮುಂದಿಟ್ಟ ಮೊಟ್ಟಮೊದಲ ಜಾಲತಾಣ ಈ ಎರಡನೆಯ ಬಗೆಯದು. ಆಮೇಲೆ 1995ರಲ್ಲಿ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆ, 2003ರಲ್ಲಿ ವರ್ಡ್‌ಪ್ರೆಸ್ ಎಂಬ ತಾಣ ನಡೆಸುವ ತಂತ್ರಾಂಶ ಬಂದು ಮೊದಲನೆಯದೇ ರೂಢಿಯಾಯಿತು. 2008ರಲ್ಲಿ, ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಹಬ್‌ನ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಪ್ರೆಸ್ಟನ್-ವರ್ನರ್ ಜೆಕಿಲ್ ಎಂಬ ತಂತ್ರಾಂಶ ಬರೆದು ಹಳೆಯ ದಾರಿಗೆ ಮತ್ತೆ ಜನ ಬರುವಂತೆ ಮಾಡಿದರು. ಬರಹಗಳ ಫೋಲ್ಡರನ್ನು ಅದಕ್ಕೆ ಒಪ್ಪಿಸಿದರೆ ಸಾಕು, ಇಡೀ ತಾಣದ ಪುಟಗಳನ್ನು ಒಂದೇ ಸಲಕ್ಕೆ ಕಟ್ಟಿ ಇನ್ನೊಂದು ಫೋಲ್ಡರಿನಲ್ಲಿ ಇಟ್ಟುಬಿಡುತ್ತದೆ. ಸ್ಟ್ಯಾಟಿಕ್ ಸೈಟ್ ಜನರೇಟರ್ ಎಂದರೆ ಇದೇ. 2013ರಲ್ಲಿ ಸ್ಟೀವ್ ಫ್ರಾನ್ಸಿಯಾ ಶುರು ಮಾಡಿದ ಹ್ಯೂಗೊ, ಆಮೇಲೆ ಬಂದ ಝ್ಯಾಕ್ ಲೆದರ್‌ಮನ್ ಅವರ ಇಲೆವೆಂಟಿ ಇದೇ ವಂಶದವು.

ವೇಗ, ಸುರಕ್ಷತೆ, ಕಡಿಮೆ ಖರ್ಚು ಎಂದು ಇವುಗಳನ್ನು ಹೊಗಳುವವರು ಬಹಳ ಮಂದಿ, ಹೊಗಳಿಕೆ ಸುಳ್ಳೂ ಅಲ್ಲ. ಆದರೆ ಇವುಗಳ ಜೊತೆ ಬಾಳುವವರಿಗೆ ನಿಜವಾಗಿ ತಟ್ಟುವ ಬದಲಾವಣೆ ಬೇರೆ. ಓದುಗ ಪುಟ ಕೇಳುವ ಹೊತ್ತಿನಲ್ಲಿ ಯೋಚಿಸುವವರು ಅಲ್ಲಿ ಯಾರೂ ಇರುವುದಿಲ್ಲ. ಇದು ಪ್ರಕಟವಾಗಬೇಕೋ ಬೇಡವೋ, ಯಾವ ಪಟ್ಟಿಯಲ್ಲಿ ಬರಬೇಕು, ಯಾವ ವಿಳಾಸದಲ್ಲಿ ಕೂರಬೇಕು, ಯಾವ ವಿನ್ಯಾಸ ಹೊದೆಯಬೇಕು ಎನ್ನುವುದನ್ನೆಲ್ಲ ಮುಂಚೆಯೇ, ಬರಹದಲ್ಲಿ, ಹೇಳಿಟ್ಟಿರಬೇಕು. ಹೇಳುವ ಜಾಗ ಫೈಲಿನ ನೆತ್ತಿ.

ಪುಟವೊಂದರ ಫೈಲನ್ನು ತೆರೆದು ನೋಡಿದರೆ ಅದರಲ್ಲಿ ಎರಡು ಭಾಗ. ಕೆಳಗಿನದು ಬರಹದ ಮೈ. ಜಾನ್ ಗ್ರೂಬರ್ 2004ರಲ್ಲಿ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಸರಳ ಪದ್ಧತಿಯಲ್ಲಿ ಅದನ್ನು ಬರೆಯುವುದು ವಾಡಿಕೆ. ಸಾಲಿನ ಮೊದಲಿಗೆ ಒಂದು ಹ್ಯಾಶ್ ಗುರುತು ಹಾಕಿದರೆ ಶೀರ್ಷಿಕೆ, ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಒತ್ತು. ಮೇಲಿನ ಭಾಗವನ್ನು ಫ್ರಂಟ್ ಮ್ಯಾಟರ್ ಎನ್ನುತ್ತಾರೆ. ಮೂರು ಅಡ್ಡಗೆರೆಯ ಒಂದು ಸಾಲು, ಅದರ ಕೆಳಗೆ ಟೈಟಲ್, ಡೇಟ್, ಡ್ರಾಫ್ಟ್, ಟ್ಯಾಗ್ಸ್ ಎಂಬ ಹೆಸರುಗಳು, ಪ್ರತಿ ಹೆಸರಿನ ಮುಂದೆ ಕೋಲನ್ ಮತ್ತು ಅದರ ಬೆಲೆ (ಆ ಹೆಸರಿಗೆ ಕೊಡುವ ವಿವರ), ಕೊನೆಗೆ ಮತ್ತೆ ಮೂರು ಅಡ್ಡಗೆರೆ. ಹಣೆಬರಹ ಎನ್ನುತ್ತೇವಲ್ಲ, ಅದೇ ಇದು. ಓದುಗನ ಕಣ್ಣಿಗೆ ಬೀಳುವುದಿಲ್ಲ, ಆದರೆ ಪುಟ ಎಲ್ಲಿ ಹುಟ್ಟಬೇಕು, ಹೇಗೆ ಬಾಳಬೇಕು ಎನ್ನುವುದೆಲ್ಲ ಅದರಲ್ಲೇ ಇದೆ. ಸದ್ಯ, ಇಲ್ಲಿ ತಿದ್ದಿ ಬರೆಯಲು ಅವಕಾಶವುಂಟು.

ಜೆಕಿಲ್ ಇದರಲ್ಲೊಂದು ಚಂದದ ನಿಯಮ ಇಟ್ಟಿದೆ. ನೆತ್ತಿಯ ಮೇಲೆ ಆ ಗೆರೆಗಳಿರುವ ಫೈಲನ್ನು ಮಾತ್ರ ಅದು ಪುಟವೆಂದು ತಿಳಿದು ಸಂಸ್ಕರಿಸುತ್ತದೆ. ಗೆರೆಗಳಿಲ್ಲದ ಫೈಲನ್ನು ಮುಟ್ಟದೆ ಇದ್ದ ಹಾಗೇ ನಕಲು ಮಾಡುತ್ತದೆ. ಗೆರೆಗಳ ನಡುವೆ ಒಂದಕ್ಷರವೂ ಇರಬೇಕಿಲ್ಲ; ಬರಿದಾದ ಎರಡು ಗೆರೆಸಾಲು ಸಾಕು. ಹೊಸಬರ ಪುಟ ಕಚ್ಚಾ ಮಾರ್ಕ್‌ಡೌನ್ ಆಗಿಯೇ ತಾಣದಲ್ಲಿ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ.

ನೆತ್ತಿಯ ಸಾಲುಗಳಲ್ಲದೆ ಫೈಲು ಕೂತಿರುವ ಜಾಗವೂ ಮಾತಾಡುತ್ತದೆ. ಜೆಕಿಲ್‌ನಲ್ಲಿ ಲೇಖನದ ಫೈಲಿನ ಹೆಸರೇ ವರ್ಷ, ತಿಂಗಳು, ದಿನದಿಂದ ಶುರುವಾಗಬೇಕು. ಹ್ಯೂಗೊದಲ್ಲಿ ಕಂಟೆಂಟ್ ಎಂಬ ಫೋಲ್ಡರಿನ ಒಳಗಿನ ಪ್ರತಿ ಮೇಲ್‌ಹಂತದ ಫೋಲ್ಡರೂ ತಾಣದ ಒಂದು ವಿಭಾಗ. ಇಲ್ಲೇ ಹ್ಯೂಗೊದ ಅತಿ ಪ್ರಸಿದ್ಧ ಗುಂಡಿ ಇರುವುದು. ಒಂದು ಫೋಲ್ಡರಿನಲ್ಲಿ ಇಂಡೆಕ್ಸ್ ಎಂಬ ಫೈಲ್ ಇಟ್ಟರೆ ಆ ಫೋಲ್ಡರ್ ಇಡಿಯಾಗಿ ಒಂದೇ ಪುಟ ಎಂದು ಹ್ಯೂಗೊ ತಿಳಿಯುತ್ತದೆ. ಜೊತೆಗಿರುವ ಚಿತ್ರಗಳು, ಬೇರೆ ಬರಹಗಳು ಎಲ್ಲ ಆ ಪುಟದ ಸಾಮಗ್ರಿಯಾಗುತ್ತವೆ. ಅದೇ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿದರೆ ಆ ಫೋಲ್ಡರ್ ಹಲವು ಪುಟಗಳಿರುವ ವಿಭಾಗವಾಗುತ್ತದೆ, ಆ ಫೈಲು ವಿಭಾಗದ ಮುಖಪುಟವಾಗುತ್ತದೆ. ಮೊದಲನೆಯದಕ್ಕೆ ಎಲೆ, ಎರಡನೆಯದಕ್ಕೆ ಕೊಂಬೆ ಎಂದು ಹ್ಯೂಗೊದವರು ಹೆಸರಿಟ್ಟಿದ್ದಾರೆ. ನಲವತ್ತು ಲೇಖನವಿರುವ ವಿಭಾಗಕ್ಕೆ ಪರಿಚಯ ಬರೆಯಲು ಹೊರಟು ಆ ಒಂದು ಅಂಡರ್‌ಸ್ಕೋರ್ ಮರೆತರೆ ನಲವತ್ತೂ ಪುಟಗಳು ತಾಣದಿಂದ ಮಾಯ. ಎಚ್ಚರಿಕೆ ಬರುವುದಿಲ್ಲ, ದೋಷದ ಸಂದೇಶವಿಲ್ಲ. ಯಂತ್ರದ ಲೆಕ್ಕದಲ್ಲಿ ತಪ್ಪೇ ನಡೆದಿಲ್ಲವಲ್ಲ: ನೀವು ಎಲೆ ಎಂದಿರಿ, ಅದು ಎಲೆ ಮಾಡಿತು.

ಈ ಲೋಕದ ತಪ್ಪುಗಳಲ್ಲಿ ಕೂಗುವ ತಪ್ಪು, ಮೌನವಾದ ತಪ್ಪು ಎಂದು ಎರಡು ಜಾತಿ. ಕೂಗುವವು ನಿರುಪದ್ರವಿಗಳು. ಶೀರ್ಷಿಕೆಯಲ್ಲಿ ‘ಗ್ರಹಣ: ಏಕೆ, ಹೇಗೆ’ ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಸಾಲಿನಲ್ಲಿ ಎರಡು ಕೋಲನ್ ಆಗಿ, ಯಾವುದು ಹೆಸರು ಯಾವುದು ಬೆಲೆ ತಿಳಿಯದೆ ಹ್ಯೂಗೊದ ಬಿಲ್ಡ್ (ಪುಟಗಳನ್ನು ಕಟ್ಟುವ ಕೆಲಸ) ಅಲ್ಲೇ ನಿಲ್ಲುತ್ತದೆ, ಸಾಲಿನ ಸಂಖ್ಯೆಯೂ ಸಿಗುತ್ತದೆ, ತಿದ್ದಿದರಾಯಿತು. ಮೌನಿಗಳದ್ದೇ ಕಷ್ಟ. ಫ್ರಂಟ್ ಮ್ಯಾಟರ್ ಬರೆಯಲು ಹೆಚ್ಚಾಗಿ ಬಳಸುವ ಯಾಮ್ಲ್ ಪದ್ಧತಿ ಬರೆಯುವವರಿಗೆ ಸುಲಭವಾಗಲಿ ಎಂದು ಬೆಲೆಗಳ ಬಗೆಯನ್ನು ತಾನೇ ಊಹಿಸುತ್ತದೆ. ಅದರ 1.1 ಆವೃತ್ತಿಯಲ್ಲಿ ಯೆಸ್, ಆನ್ ಎಂದರೆ ಸತ್ಯ, ನೋ, ಆಫ್ ಎಂದರೆ ಅಸತ್ಯ. ನಾರ್ವೆ ದೇಶದ ಎರಡಕ್ಷರದ ಸಂಕೇತವೂ ಇಂಗ್ಲಿಷಿನ ನೋ ಎಂಬುದೂ ಒಂದೇ ಅಕ್ಷರಗಳು. ಹಾಗಾಗಿ ದೇಶಗಳ ಪಟ್ಟಿ ಬರೆದವರ ತಾಣದಲ್ಲಿ ನಾರ್ವೆ ಇರಬೇಕಾದ ಕಡೆ ಅಸತ್ಯ ಎಂದು ಬಂತು! ತಂತ್ರಜ್ಞರು ಇದನ್ನು ನಾರ್ವೆ ಸಮಸ್ಯೆ ಎಂದೇ ಕರೆಯುತ್ತಾರೆ. ಅದೇ ಆವೃತ್ತಿಗೆ 12:30 ಎಂದು ಕೊಟ್ಟರೆ ಅರವತ್ತರ ಎಣಿಕೆಯ ಸಂಖ್ಯೆ ಎಂದು ಭಾವಿಸಿ ಹನ್ನೆರಡನ್ನು ಅರವತ್ತರಿಂದ ಗುಣಿಸಿ, ಮೂವತ್ತು ಕೂಡಿಸಿ 750 ಎನ್ನುತ್ತದೆ. 010 ಎಂದರೆ ಎಂಟರ ಎಣಿಕೆ ಎಂದು ಬಗೆದು 8 ಮಾಡುತ್ತದೆ. 2009ರ 1.2 ಆವೃತ್ತಿ ಈ ಚೇಷ್ಟೆಗಳನ್ನು ಕೈಬಿಟ್ಟಿತಾದರೂ ಹಳೆಯ ನಿಯಮ ಪಾಲಿಸುವ ತಂತ್ರಾಂಶಗಳು ಇನ್ನೂ ಓಡಾಡುತ್ತಿವೆ. ಪ್ರೆಸ್ಟನ್-ವರ್ನರ್ ಅವರೇ 2013ರಲ್ಲಿ ಟಾಮ್ಲ್ ಎಂಬ ಬೇರೆ ಪದ್ಧತಿ ರೂಪಿಸಿದರು. ಅದರಲ್ಲಿ ಪಠ್ಯಕ್ಕೆ ಉದ್ಧರಣ ಚಿಹ್ನೆ ಕಡ್ಡಾಯ, ಊಹೆಗೆ ಜಾಗವಿಲ್ಲ. ಯಾಮ್ಲ್‌ನಲ್ಲೇ ಬರೆಯುವವರು ಅನುಮಾನ ಬಂದ ಕಡೆಯೆಲ್ಲ ಉದ್ಧರಣ ಚಿಹ್ನೆ ಹಾಕಿಬಿಡುವುದು ಕ್ಷೇಮ. ಟ್ಯಾಗ್ ಬರೆಯುವಾಗಲೂ ಅಷ್ಟೆ: ಜೆಕಿಲ್‌ನಲ್ಲಿ ಪಟ್ಟಿಯ ರೂಪದಲ್ಲಿ ಕೊಡದೆ ಸುಮ್ಮನೆ ಕಪ್ಪು ಕುಳಿ ಎಂದು ಬರೆದರೆ ನಡುವಿನ ಖಾಲಿ ಜಾಗದಲ್ಲಿ ಒಡೆದು ಕಪ್ಪು ಎಂಬುದೊಂದು, ಕುಳಿ ಎಂಬುದೊಂದು, ಎರಡು ಟ್ಯಾಗ್ ಆಗುತ್ತದೆ.

ತಾರೀಖಿನ ಸಾಲು ಇನ್ನೂ ನವಿರಾಗಿ ಕೈಕೊಡುತ್ತದೆ. ಮುಂದಿನ ದಿನಾಂಕದ ಪುಟವನ್ನು ಜೆಕಿಲ್, ಹ್ಯೂಗೊ ಎರಡೂ ತಾವಾಗಿ ಪ್ರಕಟಿಸುವುದಿಲ್ಲ. ಗ್ರೀನಿಚ್‌ಗೆ ಪೂರ್ವದಲ್ಲಿರುವ ಬರಹಗಾರ ಬೆಳಗಿನ ಒಂಬತ್ತು ಗಂಟೆ ಎಂದು ಬರೆದು, ಯಾವ ವಲಯದ ಒಂಬತ್ತು ಎಂದು ಹೇಳದೆ ಹೋದರೆ ಹ್ಯೂಗೊ ಅದನ್ನು ಜಾಗತಿಕ ಪ್ರಮಾಣ ಸಮಯದ ಒಂಬತ್ತು ಎಂದು ತಿಳಿಯುತ್ತದೆ. ಅಲ್ಲಿ ಒಂಬತ್ತಾಗಲು ಇನ್ನೂ ಕೆಲವು ಗಂಟೆ ಬಾಕಿ. ಹಾಗಾಗಿ ಈಗಷ್ಟೇ ಬರೆದ ಪುಟ ಅದರ ಪಾಲಿಗೆ ಭವಿಷ್ಯದ್ದು, ಪ್ರಕಟಿಸುವುದಿಲ್ಲ. ಪಶ್ಚಿಮದವರ ಪಾಡು ಬೇರೆ: ಗಂಟೆ ಬರೆಯದೆ ಬರೀ ದಿನಾಂಕ ಕೊಟ್ಟರೆ ಅದು ಗ್ರೀನಿಚ್‌ನ ಮಧ್ಯರಾತ್ರಿಯಾಗಿ, ಅವರ ಗಡಿಯಾರಕ್ಕೆ ಹೊಂದಿಸಿದಾಗ ಹಿಂದಿನ ದಿನದ ತಾರೀಖು ಕಾಣುತ್ತದೆ. ಇನ್ನೊಂದು, ಹೊತ್ತು ಬಂದ ಕೂಡಲೇ ಪುಟ ತಾನೇ ಎದ್ದು ಬರುವುದೂ ಇಲ್ಲ. ಗಡಿಯಾರ ನೋಡುತ್ತ ಕೂತವರು ಯಾರೂ ಇಲ್ಲವಷ್ಟೆ. ಯಾರಾದರೂ, ಇಲ್ಲವೇ ನಿಗದಿತ ಹೊತ್ತಿಗೆ ಓಡುವ ಯಾವುದಾದರೂ ಯಂತ್ರ, ಮತ್ತೊಮ್ಮೆ ಬಿಲ್ಡ್ ಮಾಡಲೇಬೇಕು.

ವಿಳಾಸದ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಸ್ವಂತದ್ದೊಂದು ತಾಪತ್ರಯವಿದೆ. ಬೇರೆ ಏನೂ ಹೇಳದಿದ್ದರೆ ಜನರೇಟರ್ ಫೈಲಿನ ಹೆಸರಿನಿಂದಲೋ ಶೀರ್ಷಿಕೆಯಿಂದಲೋ ವಿಳಾಸದ ತುಂಡೊಂದನ್ನು ಮಾಡಿಕೊಳ್ಳುತ್ತದೆ. ಅದಕ್ಕೆ ಸ್ಲಗ್ ಎಂದು ಹೆಸರು. ‘ಕನ್ನಡ’ ಎಂಬ ಪದದಲ್ಲಿ, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪ್ರಕಾರ, ಐದು ಸಂಕೇತಗಳಿವೆ: ಕ, ನ, ಹಲಂತದ ಚಿಹ್ನೆ, ಮತ್ತೆ ನ, ಡ. ಆ ಸಂಕೇತಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ವಿಳಾಸದಲ್ಲಿ ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಅಂದರೆ ಬ್ರೌಸರಿನಲ್ಲಿ ಅಚ್ಚುಕಟ್ಟಾಗಿ ಕಾಣುವ ಪದ ನಕಲು ಮಾಡಿ ಅಂಟಿಸಿದಾಗ 45 ಅಕ್ಷರದ ಸರಪಳಿಯಾಗುತ್ತದೆ. ಇದು ಬರೀ ಕಣ್ಣಿಗೆ ಕಿರಿಕಿರಿ. ಕೆಡುಕು ಇರುವುದು ಸ್ಲಗ್ ತಯಾರಿಸುವ ಕೆಲವು ಕೋಡ್ ತುಣುಕುಗಳಲ್ಲಿ. ಇಂಗ್ಲಿಷ್ ಅಕ್ಷರ ಬಿಟ್ಟು ಉಳಿದದ್ದನ್ನೆಲ್ಲ ಕಸವೆಂದು ಗುಡಿಸುವಂಥವು ಕನ್ನಡದ ಶೀರ್ಷಿಕೆಗೆ ಖಾಲಿ ಸ್ಲಗ್ ಕೊಡುತ್ತವೆ. ಸ್ವಲ್ಪ ಜಾಣತನವಿರುವವು ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸಿಕೊಳ್ಳುತ್ತವೆ, ಆದರೆ ಯೂನಿಕೋಡ್‌ನಲ್ಲಿ ನಮ್ಮ ಗುಣಿತದ ಚಿಹ್ನೆ, ಹಲಂತ ಇವೆಲ್ಲ ಅಕ್ಷರದ ಗುಂಪಿನಲ್ಲಿಲ್ಲ, ಚಿಹ್ನೆಗಳ ಗುಂಪಿನಲ್ಲಿವೆ. ಪರಿಣಾಮ, ಕನ್ನಡ ಹೋಗಿ ‘ಕನನಡ’. ಅದಕ್ಕೇ ಫ್ರಂಟ್ ಮ್ಯಾಟರಿನಲ್ಲಿ ಸ್ಲಗ್ ಎಂಬ ಸಾಲನ್ನು ಕೈಯಾರೆ ಬರೆಯುವುದು ಒಳ್ಳೆಯದು. ಕನ್ನಡದಲ್ಲೇ ಇರಲಿ, ರೋಮನ್ ಲಿಪಿಯಲ್ಲಿ ಇರಲಿ, ಆಯ್ಕೆ ನಿಮ್ಮದಾಗಿರಲಿ. ಒಮ್ಮೆ ಪ್ರಕಟವಾದ ವಿಳಾಸವನ್ನು ಬದಲಿಸದಿರುವುದೇ ಲೇಸು. ಬದಲಿಸಲೇಬೇಕಾದರೆ ಹ್ಯೂಗೊದಲ್ಲಿ ಏಲಿಯಾಸಸ್ ಎಂಬ ಸಾಲಿನಲ್ಲಿ ಹಳೆಯದನ್ನು ಬರೆದಿಡಿ. ಹಳೆಯ ಜಾಗದಲ್ಲಿ ಅದು ಒಂದು ಪುಟ್ಟ ಪುಟ ಇಟ್ಟು, ಬಂದವರನ್ನು ಹೊಸ ಜಾಗಕ್ಕೆ ಕಳಿಸುತ್ತದೆ.

ಇಷ್ಟೆಲ್ಲ ಸಾಲುಗಳನ್ನು ಪ್ರತಿ ಪುಟದ ಮೇಲೂ ಹೇರಬೇಕೆ? ಬೇಡ, ಹೇರಲೂಬಾರದು. ಹೊಸಬರು ಹಳೆಯ ಪುಟದಿಂದ ಹದಿನೈದು ಸಾಲು ನಕಲು ಮಾಡಿ ಹೊಸದಕ್ಕೆ ಅಂಟಿಸುತ್ತ ಹೋಗುತ್ತಾರೆ. ಪುಟಗಳು ಇನ್ನೂರಾದ ಮೇಲೆ ಲೇಖಕರ ಹೆಸರಿನ ಕಾಗುಣಿತ ತಿದ್ದಬೇಕೆಂದರೆ ಇನ್ನೂರು ಕಡೆ ತಿದ್ದಬೇಕು. ಎಲ್ಲ ಪುಟಕ್ಕೂ ಸಲ್ಲುವ ಮಾತು ತಾಣದ ಮುಖ್ಯ ಸಂಯೋಜನಾ ಫೈಲಿನಲ್ಲಿರಲಿ. ಒಂದು ವಿಭಾಗಕ್ಕೆ ಸಲ್ಲುವುದನ್ನು ಫೋಲ್ಡರಿನ ಮಟ್ಟದಲ್ಲಿ ಹೇಳಬಹುದು: ಜೆಕಿಲ್‌ನಲ್ಲಿ ಡಿಫಾಲ್ಟ್ಸ್, ಹ್ಯೂಗೊದಲ್ಲಿ ಕ್ಯಾಸ್ಕೇಡ್, ಇಲೆವೆಂಟಿಯಲ್ಲಿ ಆ ಫೋಲ್ಡರಿನದೇ ಒಂದು ಡೇಟಾ ಫೈಲ್. ಪುಟದ ನೆತ್ತಿಯ ಮೇಲೆ ಆ ಪುಟಕ್ಕೆ ಮಾತ್ರ ಸೇರಿದ್ದು ಸಾಕು. ಎರಡು ಕಡೆ ಎರಡು ಮಾತಿದ್ದರೆ ಪುಟಕ್ಕೆ ಹತ್ತಿರವಾದದ್ದೇ ಗೆಲ್ಲುತ್ತದೆ. ಲೇಖನವೊಂದಕ್ಕೆ ಇಪ್ಪತ್ತು ಸಾಲಿನ ಫ್ರಂಟ್ ಮ್ಯಾಟರ್ ಕೇಳುವ ಸಿದ್ಧ ವಿನ್ಯಾಸಗಳನ್ನು ಕಂಡರೆ ನನಗೆ ಅನುಮಾನವೇ. ತನ್ನ ಕೆಲಸವನ್ನು ಬರೆಯುವವರ ತಲೆಗೆ ಕಟ್ಟಿದಂತೆ ಅವು.

ಡ್ರಾಫ್ಟ್ ಎಂಬ ಸಾಲಿನ ಬಗ್ಗೆ ಒಂದು ಮಾತು ಉಳಿಯಿತು. ಹ್ಯೂಗೊದ ಆಜ್ಞೆಯಿಂದ ಹೊಸ ಪುಟ ಸೃಷ್ಟಿಸಿದರೆ ಅಚ್ಚಿನಲ್ಲಿರುವಂತೆ ಡ್ರಾಫ್ಟ್ ಸತ್ಯ ಎಂದೇ ಬರುತ್ತದೆ. ಕರಡುಗಳನ್ನೂ ತೋರಿಸು ಎಂದು ಹೇಳಿ ನಿಮ್ಮ ಕಂಪ್ಯೂಟರಿನಲ್ಲಿ ನೋಡಿದರೆ ಪುಟ ಅಲ್ಲೇ ಇರುತ್ತದೆ, ತಾಣಕ್ಕೆ ಹೋಗಿ ನೋಡಿದರೆ ಇರುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ತಿರುಗುಮುರುಗು ಸಂದರ್ಭ. ಪ್ರಕಟವಾದ ಪುಟವನ್ನು ಹಿಂತೆಗೆಯಬೇಕೆಂದು ಮತ್ತೆ ಡ್ರಾಫ್ಟ್ ಮಾಡಿದರೆ ಹೊಸ ಬಿಲ್ಡ್ ಅದನ್ನು ಕಟ್ಟುವುದಿಲ್ಲ, ನಿಜ. ಆದರೆ ಹಿಂದೆ ಕಟ್ಟಿದ್ದು ಹ್ಯೂಗೊದ ಪಬ್ಲಿಕ್ ಫೋಲ್ಡರಿನಲ್ಲಿ ಹಾಗೇ ಬಿದ್ದಿರುತ್ತದೆ, ಏಕೆಂದರೆ ಬಿಲ್ಡಿಗೆ ಮುಂಚೆ ಹ್ಯೂಗೊ ಆ ಫೋಲ್ಡರನ್ನು ಖಾಲಿ ಮಾಡುವುದಿಲ್ಲ. ಅದನ್ನೇ ಸರ್ವರಿಗೆ ಏರಿಸಿದರೆ ಹಿಂತೆಗೆದ ಪುಟ ಹಳೆಯ ವಿಳಾಸದಲ್ಲಿ ಎಂದಿನಂತೆ ತೆರೆದುಕೊಳ್ಳುತ್ತದೆ. ಫೋಲ್ಡರನ್ನು ಅಳಿಸಿ ಮೊದಲಿನಿಂದ ಕಟ್ಟಬೇಕು. ಇನ್ನು ತಾಣದ ಮೂಲ ಫೈಲುಗಳನ್ನು ಎಲ್ಲರಿಗೂ ಕಾಣುವ ಗಿಟ್ ಭಂಡಾರದಲ್ಲಿ (ಗಿಟ್ ಎಂದರೆ ಫೈಲುಗಳ ಹಳೆಯ ರೂಪಗಳನ್ನೂ ಉಳಿಸಿಡುವ ತಂತ್ರಾಂಶ) ಇಟ್ಟಿದ್ದರೆ, ಡ್ರಾಫ್ಟ್ ಎಂದು ಗುರುತಿಸಿದ ಬರಹವನ್ನು ಅಲ್ಲಿ ಯಾರು ಬೇಕಾದರೂ ಓದಬಹುದು, ಅಳಿಸಿದ ಮೇಲೂ ಇತಿಹಾಸದಲ್ಲಿ ಹುಡುಕಿ ತೆಗೆಯಬಹುದು. ಹೊರಬೀಳಬಾರದ ಬರಹವನ್ನು ಆ ಭಂಡಾರದಿಂದ ಹೊರಗೇ ಇಡಬೇಕು.