ಕಲ್ಟ್ ಅನ್ನು ಪಂಥ ಎನ್ನಬೇಡಿ

ಮೊನ್ನೆ ಓದಿದ ಅನುವಾದವೊಂದರಲ್ಲಿ ಹೀಗಿತ್ತು: ಫ್ರೆಂಚ್ ಗಣರಾಜ್ಯವು ಯಾವ ಕಲ್ಟ್‌ಗೂ ಮಾನ್ಯತೆ ಕೊಡುವುದಿಲ್ಲ, ಸಂಬಳ ಕೊಡುವುದಿಲ್ಲ, ಅನುದಾನ ಕೊಡುವುದಿಲ್ಲ. ಇದನ್ನೇ ಹಿಡಿದು ಬರೆದವರು ಮುಂದಿನ ಒಂದಿಡೀ ಪುಟ ವಾದ ಹೂಡಿದ್ದರು. ಫ್ರಾನ್ಸು 1905ರಲ್ಲೇ ಕಲ್ಟ್‌ಗಳ ಮೇಲೆ ಕಾನೂನಿನ ಬೀಗ ಜಡಿದಿತ್ತು, ಉಳಿದ ದೇಶಗಳಿಗೆ ಬುದ್ಧಿ ಬಂದಿಲ್ಲ ಎಂದು. ಇಂಥದ್ದನ್ನು ನೋಡಿ ಇಷ್ಟು ದಿನ ಪುಟ ತಿರುವಿದ್ದಾಯಿತು, ಇನ್ನಾಗದು.

1905ರದ್ದು ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿದ ಕಾನೂನು. ಅದರ ಎರಡನೆಯ ವಿಧಿಯಲ್ಲಿರುವ ಫ್ರೆಂಚ್ ಪದ 'ಕ್ಯುಲ್ತ್'. ಆರಾಧನೆ, ಧರ್ಮಾಚರಣೆ ಎಂದು ಅದರ ಅರ್ಥ. ಕ್ಯಾಥೊಲಿಕ್, ಪ್ರೊಟೆಸ್ಟಂಟ್, ಯಹೂದಿ, ಎಲ್ಲವೂ ಅಲ್ಲಿ ಕ್ಯುಲ್ತ್. ಸರ್ಕಾರ ಯಾವ ಧರ್ಮಕ್ಕೂ ದುಡ್ಡು ಕೊಡುವುದಿಲ್ಲ ಎಂಬುದಷ್ಟೇ ಆ ಸಾಲಿನ ತಾತ್ಪರ್ಯ. ನಾವು ಕಲ್ಟ್ ಎನ್ನುವಾಗ ಕಣ್ಣ ಮುಂದೆ ಬರುವ, ಒಬ್ಬ ನಾಯಕನ ಹಿಡಿತಕ್ಕೆ ಸಿಕ್ಕಿದ ಗುಂಪುಗಳಿಗೆ ಫ್ರೆಂಚರು ಹೇಳುವುದು 'ಸೆಕ್ತ್' ಎಂದು. ಅಂಥವುಗಳನ್ನು ಗಮನದಲ್ಲಿಟ್ಟು ಫ್ರಾನ್ಸು ಕಾನೂನು ಮಾಡಿದ್ದು 2001ರಲ್ಲಿ. ಇಂಗ್ಲಿಷಿನಲ್ಲಿ ಸೆಕ್ಟ್ ಎಂದರೆ ಒಂದು ಧರ್ಮದ ಒಳಗವಲು, ಅದರಲ್ಲಿ ಬೈಗುಳವೇನೂ ಇಲ್ಲ. ಫ್ರೆಂಚಿನಲ್ಲಿ ಅದೇ ಬೈಗುಳ. ಜರ್ಮನರೂ ಇಟಾಲಿಯನ್ನರೂ ಈ ವಿಷಯದಲ್ಲಿ ಫ್ರೆಂಚರ ಕಡೆಗೇ. ಪದಗಳು ಅಡ್ಡಡ್ಡ ನಿಂತಿರುವ ಈ ಜಾಗದಲ್ಲಿ ಅನುವಾದಕರು ಕಣ್ಣುಮುಚ್ಚಿ ನಡೆದರೆ ಒಂದು ದೇಶದ ಇತಿಹಾಸವೇ ತಲೆಕೆಳಗಾಗುತ್ತದೆ.

ಮೂಲಕ್ಕೆ ಹೋಗೋಣ, ಅಲ್ಲಿ ಹೋದರೆ ಅರ್ಧ ಗೊಂದಲ ಕರಗುತ್ತದೆ. ಲ್ಯಾಟಿನ್ನಿನಲ್ಲಿ 'ಕೊಲೆರೆ' ಎಂದರೆ ಉಳುವುದು, ಬೆಳೆಸುವುದು, ಆರೈಕೆ ಮಾಡುವುದು. ಹೊಲವನ್ನು ಕೊಲೆರೆ ಮಾಡಬಹುದು, ಸ್ನೇಹವನ್ನು ಮಾಡಬಹುದು, ದೇವರನ್ನೂ ಮಾಡಬಹುದು. ಅದರಿಂದ ಬಂದ ನಾಮಪದ 'ಕುಲ್ತುಸ್'. ಕಲ್ಚರ್, ಅಗ್ರಿಕಲ್ಚರ್, ಕಾಲನಿ ಎಲ್ಲವೂ ಈ ಬೇರಿನ ಚಿಗುರುಗಳೇ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೇಗಿಲು ಹೂಡುವುದೂ ಕೃಷಿ, ನಲವತ್ತು ವರ್ಷ ಕೂತು ಕವಿತೆ ಬರೆಯುವುದೂ ಸಾಹಿತ್ಯಕೃಷಿ ಎನ್ನುವವರು ನಾವು. ದಿನವೂ ಕೈಹಾಕಿ, ಕಳೆ ಕಿತ್ತು, ನೀರುಣಿಸಿ ಉಳಿಸಿಕೊಳ್ಳುವುದು ಎಂಬ ಭಾವ ಎರಡರಲ್ಲೂ ಇದೆ. ದೇವರಿಗೆ ದಿನವೂ ದೀಪ ಹಚ್ಚುವುದು, ನೈವೇದ್ಯ ಇಡುವುದು, ಹಬ್ಬ ತಪ್ಪದಂತೆ ನೋಡಿಕೊಳ್ಳುವುದು, ರೋಮನರ ಬಾಯಲ್ಲಿ ಇದು ಕುಲ್ತುಸ್.

ಕ್ರಿ.ಪೂ. 45ರಲ್ಲಿ ರೋಮಿನ ಚಿಂತಕ ಸಿಸೆರೊ ದೇವತೆಗಳ ಸ್ವರೂಪದ ಬಗ್ಗೆ ಬರೆದ ಸಂವಾದದಲ್ಲಿ ಒಂದು ಕಡೆ 'ರೆಲಿಗಿಯೊ, ಎಂದರೆ ದೇವತೆಗಳ ಕುಲ್ತುಸ್' ಎಂಬ ಮಾತು ಬರುತ್ತದೆ. ಇಂದು ನಾವು ಎದುರುಬದುರು ನಿಲ್ಲಿಸಿ ವ್ಯತ್ಯಾಸ ಹೇಳಿ ಎಂದು ಕೇಳುವ ರಿಲಿಜನ್ (ಧರ್ಮ), ಕಲ್ಟ್ ಎಂಬ ಎರಡು ಪದಗಳು ಅಲ್ಲಿ ಒಂದಕ್ಕೊಂದು ಅರ್ಥ ಹೇಳುತ್ತ ಪಕ್ಕಪಕ್ಕ ಕೂತಿವೆ. ರೋಮನರು ರೆಲಿಗಿಯೊಗೆ ಎದುರಾಗಿ ಇಡುತ್ತಿದ್ದದ್ದು 'ಸುಪರ್ಸ್ತಿತಿಯೊ', ಅತಿರೇಕದ ಮೂಢಭಕ್ತಿ. ಕ್ರಿ.ಶ. 112ರ ಸುಮಾರಿಗೆ ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ ಕ್ರೈಸ್ತರಿಗೆ ಹಚ್ಚಿದ ಹಣೆಪಟ್ಟಿ ಅದೇ.

ಪುರಾತತ್ವದವರು ಕಲ್ಟ್ ಪದವನ್ನು ಇವತ್ತಿಗೂ ಆ ಹಳೆಯ ಅರ್ಥದಲ್ಲೇ ಬಳಸುತ್ತಾರೆ. ಮಿತ್ರಾಸ್ ದೇವತೆಯ ಕಲ್ಟ್, ಸಂತರ ಕಲ್ಟ್ ಎಂದು ಅವರು ಬರೆದರೆ ಅಲ್ಲಿ ಯಾರನ್ನೂ ಜರೆದಂತಲ್ಲ. ಕಲ್ಟ್ ಸಿನಿಮಾ ಎನ್ನುವಾಗ ಉಳಿದಿರುವುದೂ ಆರಾಧನೆಯ ಎಳೆಯೇ. ಸೋವಿಯತ್ ನಾಯಕ ಕ್ರುಶ್ಚೇವ್ 1956ರಲ್ಲಿ ಸ್ಟಾಲಿನ್ ವಿರುದ್ಧ ಭಾಷಣ ಮಾಡಿದ ಮೇಲೆ ಜಗತ್ತಿನಾದ್ಯಂತ ಹರಡಿದ 'ಪರ್ಸನಾಲಿಟಿ ಕಲ್ಟ್' ಎಂಬ ಮಾತನ್ನು ಕನ್ನಡದಲ್ಲಿ ನಾವು ಏನೆಂದೆವು? ವ್ಯಕ್ತಿಪೂಜೆ. ಎಷ್ಟು ಸರಿಯಾದ ಅನುವಾದ! ಅಲ್ಲಿ ಕಲ್ಟ್‌ಗೆ ಪೂಜೆ ಎಂದು ಕಂಡುಕೊಂಡ ಅದೇ ಭಾಷೆ ಉಳಿದ ಕಡೆಯೆಲ್ಲ ಪಂಥ ಎಂದು ಯಾಕೆ ಎಡವುತ್ತಿದೆ ಎಂಬುದು ನನ್ನ ನಿಜವಾದ ಸಂಕಟ.

ಪಂಥ ಎಂದರೆ ದಾರಿ. ನಾಥಪಂಥ, ಭಕ್ತಿಪಂಥ, ಎಡಪಂಥ, ಬಲಪಂಥ, ಸಾಹಿತ್ಯದ ಪಂಥಗಳು, ಎಲ್ಲೆಡೆಯೂ ದಾರಿಯೇ. ದಾರಿ ಎಂದ ಮೇಲೆ ಅದರ ಮೇಲೆ ಹತ್ತಬಹುದು, ಸ್ವಲ್ಪ ದೂರ ನಡೆದು ಇಳಿಯಬಹುದು, ಕವಲು ಬಂದಲ್ಲಿ ಹೊರಳಬಹುದು. ಪಂಥ ಎಂಬ ಪದಕ್ಕೆ ಕನ್ನಡದಲ್ಲಿ ಸವಾಲು, ಪಣ ಎಂಬ ಇನ್ನೊಂದು ಅರ್ಥವೂ ಇದೆ, ಪಂಥಾಹ್ವಾನದಲ್ಲಿರುವುದು ಅದು. ಅದಕ್ಕೂ ಗೌರವದ ಗಾಂಭೀರ್ಯವಿದೆ. ಇಂಥ ಪದದ ಹಿಂದೆ 'ವಿನಾಶಕಾರಿ' ಎಂಬ ವಿಶೇಷಣ ಸಿಕ್ಕಿಸಿ ಸಾಮೂಹಿಕ ಸಾವಿನ ಸುದ್ದಿಗೆ ಶೀರ್ಷಿಕೆ ಮಾಡುತ್ತಾರೆ. ಎರಡು ಅನ್ಯಾಯ ಒಟ್ಟಿಗೇ ಆಗುತ್ತವೆ. ಶತಮಾನಗಳಿಂದ ಜನ ನಡೆದ ದಾರಿಗಳಿಗೆ ಮಸಿ ಹತ್ತುತ್ತದೆ. ಜನರನ್ನು ಕೂಡಿಹಾಕಿದ ಗುಂಪಿಗೆ ದಾರಿ ಎಂಬ ಗೌರವ ಸಿಗುತ್ತದೆ. ಕಲ್ಟ್‌ಗೆ ಕನ್ನಡದಲ್ಲಿ ಒಂದೇ ಪದ ಬೇಕೇಬೇಕು ಎನ್ನುವವರಿಗೆ ನನ್ನ ಉತ್ತರ: ಕಲ್ಟ್ ಎಂದೇ ಬರೆಯಿರಿ. ಬಸ್ಸು, ಬ್ಯಾಂಕು ಬಂದ ಹಾಗೆ ಅದೂ ಬರಲಿ.

'ಮತ' ಎಂಬ ಪದವನ್ನೂ ಇಲ್ಲಿ ನೆನೆಯಬೇಕು. ಮನನ ಮಾಡಿ ತಳೆದ ಅಭಿಪ್ರಾಯವೇ ಮತ, ಚುನಾವಣೆಯಲ್ಲಿ ಹಾಕುವುದೂ ಅದನ್ನೇ. ಒಮ್ಮತ, ಬಹುಮತ, ಸಮ್ಮತ, ಭಿನ್ನಮತ, ಎಲ್ಲ ಒಂದೇ ಸಂಸಾರದವು. ಧರ್ಮವನ್ನು ಹೆಸರಿಸಲು ನಮ್ಮಲ್ಲಿ ಬಳಕೆಯಲ್ಲಿರುವ ಪದದ ಹೊಟ್ಟೆಯಲ್ಲೇ ಭಿನ್ನಮತಕ್ಕೆ ಜಾಗವಿದೆ. ಕಲ್ಟ್‌ನಲ್ಲಿ ಇಲ್ಲದಿರುವುದು ಇದೇ ಜಾಗ.

ಹಾಗಾದರೆ ಆರಾಧನೆ ಎಂಬ ಪದ ಹೇಗೆ ಹಳಸಿತು? ಅಮೆರಿಕದ ಪ್ರೊಟೆಸ್ಟಂಟ್ ಬರಹಗಾರರು ತಮ್ಮ ಸಿದ್ಧಾಂತದಿಂದ ದೂರ ಸರಿದ ಹೊಸ ಗುಂಪುಗಳನ್ನು ಕಲ್ಟ್ ಎಂದು ದೂರತೊಡಗಿದರು. 20ನೇ ಶತಮಾನದ ಸಮಾಜಶಾಸ್ತ್ರಜ್ಞರು ಚರ್ಚ್, ಸೆಕ್ಟ್, ಕಲ್ಟ್ ಎಂದು ವರ್ಗ ಮಾಡಿದರು. ಆ ಚರ್ಚೆ ವಿದ್ವಾಂಸರ ನಡುವೆಯೇ ಉಳಿಯುತ್ತಿತ್ತು. 1978ರ ನವೆಂಬರ್ 18ರಂದು ಗಯಾನಾದ ಕಾಡಿನ ಜೋನ್ಸ್‌ಟೌನಿನಲ್ಲಿ ಅಮೆರಿಕದ ಪೀಪಲ್ಸ್ ಟೆಂಪಲ್ ಗುಂಪಿನ 900ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಸಯನೈಡ್‌ನಿಂದ. ಅವರಲ್ಲಿ ಸುಮಾರು 300 ಮಂದಿ ಮಕ್ಕಳು. ಆ ದಿನದ ನಂತರ ಕಲ್ಟ್ ಪದಕ್ಕೆ ಹಳೆಯ ಅರ್ಥ ಜನರ ಬಾಯಲ್ಲಿ ಉಳಿಯಲಿಲ್ಲ.

ಒಂದು ಸಂಗತಿಯನ್ನು ಎಲ್ಲರೂ ಹಾರಿಸಿ ಓದುತ್ತಾರೆ. ಪೀಪಲ್ಸ್ ಟೆಂಪಲ್ ಯಾವುದೋ ಮೂಲೆಯ ವಿಚಿತ್ರ ಕೂಟವಾಗಿರಲಿಲ್ಲ. ಅದು ಡಿಸೈಪಲ್ಸ್ ಆಫ್ ಕ್ರೈಸ್ಟ್ ಎಂಬ ಹಳೆಯ, ಮರ್ಯಾದಸ್ಥ ಪ್ರೊಟೆಸ್ಟಂಟ್ ಪಂಗಡಕ್ಕೆ ಸೇರಿದ ಸಭೆ. ಅದರ ನಾಯಕ ಜಿಮ್ ಜೋನ್ಸ್ ಅದೇ ಪಂಗಡದಿಂದ ದೀಕ್ಷೆ ಪಡೆದ ಪಾದ್ರಿ. ಧರ್ಮ ಒಂದು ಕಡೆ, ಕಲ್ಟ್ ಇನ್ನೊಂದು ಕಡೆ, ನಡುವೆ ಗೋಡೆ ಎಂದು ಚಿತ್ರ ಬರೆಯುವವರಿಗೆ ಈ ಒಂದು ಉದಾಹರಣೆ ಸಾಕಾಗಬೇಕಿತ್ತು.

ಅಂದಿನ ಕೊನೆಯ ಮುಕ್ಕಾಲು ಗಂಟೆಯ ಧ್ವನಿಮುದ್ರಿಕೆ ಉಳಿದಿದೆ. ಅದರಲ್ಲಿ ಒಬ್ಬ ಮಹಿಳೆ ಎದ್ದು ಮಾತಾಡುತ್ತಾಳೆ. ಬೇರೆ ದೇಶಕ್ಕೆ ಹೋಗಲಾಗದೆ, ಈ ಮಕ್ಕಳು ಬದುಕಬಾರದೆ ಎಂದು ಜೋನ್ಸನ ಜೊತೆ ವಾದಿಸುತ್ತಾಳೆ. ಅವಳು ಹೊರಗಿನವಳಲ್ಲ, ನಂಬಿಕೆ ಕಳೆದುಕೊಂಡವಳಂತೆಯೂ ಮಾತಾಡುವುದಿಲ್ಲ. ಅವಳ ಬಾಯಿ ಮುಚ್ಚಿಸಿದ್ದು ಜೋನ್ಸನಿಗಿಂತ ಹೆಚ್ಚಾಗಿ ಸುತ್ತ ಕೂತಿದ್ದ ಜನರ ಕೂಗು. ಕಲ್ಟ್ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ವ್ಯಾಖ್ಯೆಗಿಂತ ಮೊದಲು ನೆನಪಾಗುವುದು ಈ ಹೆಂಗಸು.

ಯಾವ ದೇವರನ್ನು ನಂಬುತ್ತಾರೆ, ಎಂಥ ಕತೆ ನಂಬುತ್ತಾರೆ ಎಂದು ನೋಡಿ ಕಲ್ಟ್ ಹೌದೋ ಅಲ್ಲವೋ ತೀರ್ಮಾನಿಸಲು ಬರುವುದಿಲ್ಲ. ಧರ್ಮ ಎಂಬುದು ನಂಬಿಕೆ, ಆಚರಣೆ, ಪರಂಪರೆಗಳ ಹೆಸರು. ಇಂದಿನ ಅರ್ಥದ ಕಲ್ಟ್ ಎಂಬುದು ಅಧಿಕಾರದ ಒಂದು ಏರ್ಪಾಡಿನ ಹೆಸರು. ಪ್ರಶ್ನಿಸಲಾಗದ ಒಬ್ಬ ವ್ಯಕ್ತಿ, ಅವನ ಮೇಲೆ ದೂರು ಕೇಳುವವರಿಲ್ಲ, ಒಳಗಿನವರ ದುಡ್ಡು, ದುಡಿಮೆ, ದಾಂಪತ್ಯ ಎಲ್ಲ ಅವನ ಕೈಯಲ್ಲಿ, ಬಿಟ್ಟು ಹೋಗುವವನು ದ್ರೋಹಿ. ಎರಡನ್ನೂ ಒಂದೇ ಅಳತೆಗೋಲಿನ ಎರಡು ತುದಿಗಳಂತೆ ನೋಡುವುದೇ ತಪ್ಪು. ಎತ್ತರವನ್ನೂ ಬಣ್ಣವನ್ನೂ ಹೋಲಿಸಿದಂತೆ ಅದು. ಒಂದು ಧರ್ಮದ ಒಳಗೇ ಕಲ್ಟ್ ಹುಟ್ಟಬಹುದು. ಧರ್ಮದ ವಾಸನೆಯೇ ಇಲ್ಲದ ಕಡೆಯೂ ಹುಟ್ಟಬಹುದು.

ಸಿನನಾನ್ ಸಂಸ್ಥೆಯನ್ನೇ ನೋಡಿ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾದಕ ವ್ಯಸನಿಗಳನ್ನು ಸರಿದಾರಿಗೆ ತರಲು ಶುರುವಾದದ್ದು. ದೇವರಿಲ್ಲ, ಗ್ರಂಥವಿಲ್ಲ. ಸ್ಥಾಪಕನ ಮಾತಿಗೆ ಎದುರಿಲ್ಲ ಎಂಬುದೊಂದು ಮಾತ್ರ ಬಲಿಯುತ್ತ ಹೋಯಿತು. ತಲೆ ಬೋಳಿಸಿಕೊಳ್ಳಿ ಎಂದ, ಬೋಳಿಸಿಕೊಂಡರು. ಗಂಡ ಹೆಂಡತಿ ಬೇರೆಯಾಗಿ ಬೇರೆ ಜೋಡಿ ಆರಿಸಿಕೊಳ್ಳಿ ಎಂದ, ಹಾಗೇ ಮಾಡಿದರು. 1970ರ ದಶಕದಲ್ಲಿ ಅದು ತಾನೊಂದು ಧರ್ಮ ಎಂದು ಘೋಷಿಸಿಕೊಂಡಿತು. 1978ರಲ್ಲಿ ಅದರ ವಿರುದ್ಧ ಮೊಕದ್ದಮೆ ನಡೆಸುತ್ತಿದ್ದ ವಕೀಲರ ಅಂಚೆಪೆಟ್ಟಿಗೆಯಲ್ಲಿ ವಿಷದ ಬುಡುಬುಡಿಕೆ ಹಾವು ಇಟ್ಟದ್ದು ಅದರ ಸದಸ್ಯರೇ. ಕಲ್ಟ್ ಆಗಲು ಅದಕ್ಕೆ ಧರ್ಮ ಬೇಕಾಗಿರಲಿಲ್ಲ. ಕಲ್ಟ್ ಅಲ್ಲ ಎನ್ನಲು ಸರ್ಕಾರದ ನೋಂದಣಿ ಪತ್ರವನ್ನು ಸಾಕ್ಷಿಯಾಗಿ ತೋರಿಸುವವರು ಜಪಾನಿನ ಓಮ್ ಶಿನ್ರಿಕ್ಯೋ ಗುಂಪನ್ನು ನೆನೆಯಲಿ. 1989ರಲ್ಲಿ ಅದು ಕಾನೂನಿನ ಪ್ರಕಾರ ನೋಂದಾಯಿತ ಧಾರ್ಮಿಕ ಸಂಸ್ಥೆ. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲಿನಲ್ಲಿ ಸಾರಿನ್ ವಿಷಾನಿಲ ಬಿಟ್ಟದ್ದೂ ಅದೇ ಸಂಸ್ಥೆ.

ಭಾಷೆಯ ಮೇಲಿನ ಹಿಡಿತವೂ ಈ ಏರ್ಪಾಡಿನ ಭಾಗ. ಚೀನಾದ 'ವಿಚಾರ ಸುಧಾರಣೆ' ಶಿಬಿರಗಳಿಂದ ಹೊರಬಂದವರನ್ನು ಮಾತಾಡಿಸಿದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ 1961ರಲ್ಲಿ ಅಂಥ ಹಿಡಿತದ ಎಂಟು ಲಕ್ಷಣ ಪಟ್ಟಿ ಮಾಡಿದರು. ಅದರಲ್ಲೊಂದು, ಪದಗಳಿಗೆ ಹೊಸ ಹೊರೆ ಹೊರಿಸಿ ಯೋಚನೆಯನ್ನು ಅಲ್ಲಿಗೇ ನಿಲ್ಲಿಸುವುದು. 1997ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯಲ್ಲಿ ಹೆವನ್ಸ್ ಗೇಟ್ ಗುಂಪಿನ 39 ಜನ ಆತ್ಮಹತ್ಯೆ ಮಾಡಿಕೊಂಡಾಗ ಅವರ ಭಾಷೆಯಲ್ಲಿ ದೇಹಕ್ಕೆ ಇದ್ದ ಹೆಸರು 'ವಾಹನ'. ದೇಹವನ್ನು ವಾಹನ ಎಂದು ವರ್ಷಗಟ್ಟಲೆ ಕರೆದವರಿಗೆ ಅದರಿಂದ ಇಳಿಯುವುದು ಸಾವು ಎಂದು ಅನಿಸುವುದಾದರೂ ಹೇಗೆ?

ಬ್ರೈನ್‌ವಾಶ್ ಎಂಬ ಮಾತಿಗೆ ಮಾತ್ರ ನಾನು ಕೈಮುಗಿಯಲಾರೆ. ಯೂನಿಫಿಕೇಶನ್ ಚರ್ಚಿನ ಶಿಬಿರಗಳನ್ನು ಹತ್ತಿರದಿಂದ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಕಂಡುಕೊಂಡದ್ದು, ಶಿಬಿರಕ್ಕೆ ಹೋದ ಹತ್ತರಲ್ಲಿ ಸುಮಾರು ಒಂಬತ್ತು ಜನ ಸೇರಲೇ ಇಲ್ಲ ಎಂದು. ಮಂತ್ರ ಹಾಕಿ ಮಿದುಳು ತೊಳೆಯುವ ಯಂತ್ರ ಎಲ್ಲೂ ಇಲ್ಲ. ಅದೇ ವಿದ್ವಾಂಸರ ಬಳಗ ಕಲ್ಟ್ ಬೈಗುಳವಾಯಿತೆಂದು ಬಿಟ್ಟು 'ಹೊಸ ಧಾರ್ಮಿಕ ಚಳವಳಿ' ಎಂಬ ಹೆಸರು ರೂಢಿಸಿತು. ಹೊಸ ಗುಂಪುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳಾದ್ದರಿಂದ ಅವುಗಳಿಗೆ ಈ ಹೆಸರೇ ನ್ಯಾಯ. ಆದರೆ ಜೋನ್ಸ್‌ಟೌನಿನಲ್ಲಿ ನಡೆದದ್ದಕ್ಕೆ ಚಳವಳಿ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

'ಕಲ್ಟ್‌ಗೆ ವಯಸ್ಸಾದರೆ ಧರ್ಮ' ಎಂಬ ಮಾತನ್ನು ಜಾಣತನವೆಂಬಂತೆ ಉದುರಿಸುವವರಿದ್ದಾರೆ. ಒಂದು ಹೊತ್ತಿನ ಸಭೆಯಲ್ಲಿ ಚಪ್ಪಾಳೆ ಸಿಗಬಹುದು, ಚರಿತ್ರೆ ಒಪ್ಪುವುದಿಲ್ಲ. 17ನೇ ಶತಮಾನದ ನಡುಭಾಗದಲ್ಲಿ ಹುಟ್ಟಿದ ಕ್ವೇಕರರೆಂಬ ಕ್ರೈಸ್ತ ಪಂಗಡದವರನ್ನು ಎಳಸಾಗಿದ್ದಾಗಲೇ ಅಪಾಯಕಾರಿಗಳೆಂದು ಅಟ್ಟಾಡಿಸಿದರು. 1659ರಿಂದ 1661ರ ನಡುವೆ ಬಾಸ್ಟನ್ನಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು. ಅವರ ಸಭೆಯಲ್ಲಿ ಎಲ್ಲರೂ ಮೌನವಾಗಿ ಕೂರುತ್ತಿದ್ದರು, ಒಳಗಿನಿಂದ ಪ್ರೇರಣೆ ಬಂದವರು ಎದ್ದು ಮಾತಾಡುತ್ತಿದ್ದರು, ಹೆಂಗಸರೂ. ಮೊದಲ ದಿನದಿಂದಲೂ ಅದು ಕಲ್ಟ್ ಆಗಿರಲಿಲ್ಲ. ಹೆವನ್ಸ್ ಗೇಟ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿಯೂ ಬೇರೇನೂ ಆಗಲಿಲ್ಲ. ವಯಸ್ಸು ಮಾಡುವ ಕೆಲಸ ಒಂದಿದೆ ನಿಜ, ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಅದನ್ನು ಗುರುತಿಸಿದ್ದ. ಸ್ಥಾಪಕ ಸತ್ತ ಮೇಲೆ ಅವನ ವೈಯಕ್ತಿಕ ವರ್ಚಸ್ಸು ಹುದ್ದೆಗೆ, ನಿಯಮಕ್ಕೆ, ಗ್ರಂಥಕ್ಕೆ ಹಂಚಿಹೋಗುತ್ತದೆ. ಆಗ ಹುದ್ದೆಯಲ್ಲಿರುವವನಿಗೆ ನಿಯಮ ತೋರಿಸಿ 'ಇದು ತಪ್ಪು' ಎನ್ನಲು ಬರುತ್ತದೆ. ಬದಲಾವಣೆ ತರುವುದು ಈ ಅವಕಾಶ, ಕ್ಯಾಲೆಂಡರ್ ಅಲ್ಲ.

ಇಷ್ಟು ಹೇಳಿದಾಗ ಬರುವ ನ್ಯಾಯವಾದ ಪ್ರಶ್ನೆ ಒಂದೇ: ಸನ್ಯಾಸಿ ಮಠಗಳ ಕತೆ ಏನು? ಅಲ್ಲೂ ಆಸ್ತಿ ಬಿಡಬೇಕು, ಮನೆ ಬಿಡಬೇಕು, ಹಿರಿಯನ ಮಾತಿಗೆ ತಲೆಬಾಗಬೇಕು. ಹೊರಗಿನಿಂದ ನೋಡಿದರೆ ಲಕ್ಷಣಗಳೆಲ್ಲ ತಾಳೆಯಾಗುತ್ತವೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಬರೆದ ಮಠನಿಯಮದ 58ನೇ ಅಧ್ಯಾಯ ಇದಕ್ಕೆ ಉತ್ತರ. ಹೊಸಬ ಬಂದರೆ ಸುಲಭವಾಗಿ ಒಳಗೆ ಬಿಡಬಾರದು, ನಾಲ್ಕೈದು ದಿನ ಬಾಗಿಲಲ್ಲೇ ಕಾಯಿಸಬೇಕು. ಒಳಗೆ ಬಂದ ಮೇಲೆ ಒಂದು ವರ್ಷದಲ್ಲಿ ಮೂರು ಸಲ, ಎರಡು ತಿಂಗಳಾದ ಮೇಲೆ, ಆಮೇಲೆ ಆರು ತಿಂಗಳಿಗೆ, ಆಮೇಲೆ ನಾಲ್ಕು ತಿಂಗಳಿಗೆ, ನಿಯಮವನ್ನು ಪೂರ್ತಿ ಓದಿ ಹೇಳಬೇಕು. ಪಾಲಿಸಲು ಆಗುವುದಾದರೆ ಇರು, ಆಗದಿದ್ದರೆ ಸ್ವತಂತ್ರನಾಗಿ ಹೋಗು ಎನ್ನಬೇಕು. ಕೊನೆಗೆ ಅವನು ಪ್ರತಿಜ್ಞೆ ಮಾಡಿ ಮಠದ ಉಡುಪು ತೊಟ್ಟಾಗ, ಅವನು ಕಳಚಿಟ್ಟ ಸ್ವಂತ ಬಟ್ಟೆಯನ್ನು ಎಸೆಯಬಾರದು. ಬಿಟ್ಟು ಹೋಗುವುದು ಸೈತಾನನ ಪ್ರೇರಣೆ ಎಂದೇ ಬೆನೆಡಿಕ್ಟ್ ಬರೆಯುತ್ತಾನೆ, ಆದರೂ ಬಟ್ಟೆಯನ್ನು ಉಗ್ರಾಣದಲ್ಲಿ ಜೋಪಾನವಾಗಿ ಇಡಲು ಹೇಳುತ್ತಾನೆ.

ಜೋನ್ಸ್‌ಟೌನಿನಲ್ಲಿ ಬಂದಿಳಿದವರ ಪಾಸ್‌ಪೋರ್ಟುಗಳನ್ನು ಕಿತ್ತಿಟ್ಟುಕೊಳ್ಳುತ್ತಿದ್ದರು. ಸಾವಿನ ಹಿಂದಿನ ದಿನ, ತನಿಖೆಗೆಂದು ಬಂದ ಅಮೆರಿಕದ ಸಂಸದರ ಜೊತೆಗಿದ್ದ ಪತ್ರಕರ್ತರೊಬ್ಬರ ಕೈಗೆ ಯಾರೋ ಗುಟ್ಟಾಗಿ ಒಂದು ಚೀಟಿ ದಾಟಿಸಿದರು. ಎರಡು ಹೆಸರು, ಅದರ ಕೆಳಗೆ ಇಲ್ಲಿಂದ ಹೊರಗೆ ಹೋಗಲು ಸಹಾಯ ಮಾಡಿ ಎಂಬ ಬೇಡಿಕೆ, ಅದರಲ್ಲಿ ಇದ್ದದ್ದು ಇಷ್ಟೇ.