10 ಮೀಟರ್ ಕಂಬಕ್ಕೆ ಸಿಗದ ಗಾಳಿ

ಗುಡ್ಡ ಮತ್ತು ಬಯಲಿನ ನಡುವೆ ಬಿಸಿಲಿಗೆ ಹುಟ್ಟುವ ಗಾಳಿ ಅಂದ ಕೂಡಲೇ ಎಲ್ಲರ ತಲೆ ಹಿಮಾಲಯದ ಕಡೆ ಹೋಗುತ್ತದೆ. ಹೋಗಲಿ ಬಿಡಿ, ನೇಪಾಳದ ಕಾಳಿಗಂಡಕಿ ಕಣಿವೆಯಲ್ಲಿ ಮಧ್ಯಾಹ್ನದ ಗಾಳಿ ಎಷ್ಟು ಜೋರೆಂದರೆ, ಜೋಮ್‌ಸೋಮ್‌ಗೆ ವಿಮಾನಗಳು ಬೆಳಿಗ್ಗೆಯೇ ಹೋಗಿ ಬಂದು ಮುಗಿಸುತ್ತವೆ. ಬೀದರಿನಲ್ಲಿ ಅಂಥ ಅಬ್ಬರ ಇಲ್ಲ. ಆದರೆ ಕೋಟೆಯ ಅಂಚಿಗೆ ಬಂದು ನೋಡಿ. ಕೆಂಪು ಜಂಬಿಟ್ಟಿಗೆಯ ನೆಲ ಅಲ್ಲಿಗೆ ಮುಗಿಯುತ್ತದೆ, ಕೆಳಗೆ ಮಾಂಜ್ರಾ ಬಯಲು. ನೂರು ಮೀಟರ್ ಆಸುಪಾಸಿನ ಇಳಿಜಾರು. ಗಾಳಿ ಹುಟ್ಟೋಕೆ ಇಷ್ಟು ಸಾಕು.

ಹಗಲು ಇಳಿಜಾರಿನ ನೆಲ ಕಾಯುತ್ತದೆ. ಅದಕ್ಕೆ ತಾಗಿದ ಗಾಳಿ, ಅಷ್ಟೇ ಎತ್ತರದಲ್ಲಿ ಬಯಲಿನ ಮೇಲಿರುವ ಗಾಳಿಗಿಂತ ಬಿಸಿಯಾಗಿ ಮೇಲಕ್ಕೆ ಹತ್ತುತ್ತದೆ. ಇಲ್ಲಿ 'ಅಷ್ಟೇ ಎತ್ತರದಲ್ಲಿ' ಅನ್ನುವುದೇ ಮುಖ್ಯ. ಮೇಲೊಂದು, ಕೆಳಗೊಂದು ಥರ್ಮಾಮೀಟರ್ ಇಟ್ಟು ಹೋಲಿಸುವವರು ಜಾಸ್ತಿ. ಗಾಳಿ ಮೇಲೇರಿದರೆ ಸಾಕು, 100 ಮೀಟರ್‌ಗೆ ಸುಮಾರು 1 ಡಿಗ್ರಿ ತಾನಾಗಿಯೇ ತಣ್ಣಗಾಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ರಾತ್ರಿ ಎಲ್ಲ ಉಲ್ಟಾ: ನೆಲ ತಣ್ಣಗಾಗುತ್ತದೆ, ಭಾರವಾದ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿಯುತ್ತದೆ.

ನಮ್ಮ ಕಡೆ ಹಗಲಿನ ಗಾಳಿ ಹಿಡಿಯುವುದು ಕಷ್ಟ. ಮಳೆಗಾಲದಲ್ಲಿ ಪಡುವಣ ಗಾಳಿ ಎಲ್ಲವನ್ನೂ ನುಂಗುತ್ತದೆ. ಏಪ್ರಿಲ್, ಮೇ ಬಿಸಿಲಿಗೆ ಇಡೀ ನೆಲವೇ ಕುದಿಯುವಾಗ ಇಳಿಜಾರಿನ ಪಾಲು ಯಾವುದು, ಉಳಿದದ್ದು ಯಾವುದು ಅಂತ ಬಿಡಿಸುವವರು ಯಾರು? ಈ ಗಾಳಿ ಅಳೆಯುವ ನಮ್ಮ ಕೆಲಸಕ್ಕೆ ಡಿಸೆಂಬರ್, ಜನವರಿಯ ಮೋಡವಿಲ್ಲದ ರಾತ್ರಿಗಳೇ ಸರಿ. ಸಂಜೆ ಒಲೆಗೆ ತೊಗರಿ ಕಟ್ಟಿಗೆ ಹಾಕಿದಾಗ ಗಮನಿಸಿ. ಹೊಗೆ ಮನೆಯ ಮಾಳಿಗೆಯಷ್ಟು ಎತ್ತರಕ್ಕೆ ಏರುತ್ತದೆ, ಅಲ್ಲೇ ಚಪ್ಪಟೆಯಾಗುತ್ತದೆ, ಆಮೇಲೆ ನಿಧಾನವಾಗಿ ಹಳ್ಳದ ಕಡೆ ಜಾರುತ್ತದೆ. ನಾವು ಅಳೆಯಬೇಕಾದ ಗಾಳಿ ಅದೇ.

ತಾಪತ್ರಯ ಶುರುವಾಗುವುದು ಇಲ್ಲಿ. ಇಂಥ ಹರಿವಿನ ದಪ್ಪ, ಗಾಳಿ ಇಳಿದು ಬಂದ ಎತ್ತರದ ಸುಮಾರು 5 ಶೇಕಡಾ ಅಂತ ಒಂದು ಅಂದಾಜು ಇದೆ. 100 ಮೀಟರ್ ಇಳಿದರೆ 5 ಮೀಟರ್. ಅದರೊಳಗೂ ವೇಗ ಹೆಚ್ಚಿರುವುದು ನೆಲದಿಂದ ಒಂದೆರಡು ಮೀಟರ್ ಮೇಲೆ. ಹವಾಮಾನ ಕೇಂದ್ರದ ಗಾಳಿಮಾಪಕ ಇರುವುದೆಲ್ಲಿ? ನಿಯಮದ ಪ್ರಕಾರ 10 ಮೀಟರ್ ಕಂಬದ ತುದಿಯಲ್ಲಿ. ಹರಿವು ಅದರ ಕಾಲಡಿಯಲ್ಲೇ ಹೋಗಿಬಿಡುತ್ತದೆ. ಸಾಲದ್ದಕ್ಕೆ ಬಟ್ಟಲು ತಿರುಗುವ ಮಾಪಕ ಸೆಕೆಂಡಿಗೆ ಅರ್ಧ ಮೀಟರ್‌ಗಿಂತ ಕಡಿಮೆ ಗಾಳಿಗೆ ಅಲ್ಲಾಡುವುದೂ ಕಷ್ಟ. ಹಾಗಾಗಿ ನಾನು 1, 2, 5, 10 ಮೀಟರ್‌ಗಳಲ್ಲಿ ಸೋನಿಕ್ ಮಾಪಕ ಕೇಳುತ್ತೇನೆ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಶಬ್ದದ ಅಲೆ ದಾಟುವ ಹೊತ್ತಿನಿಂದ ವೇಗ ತಿಳಿಯುತ್ತದೆ. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಗಾಳಿಯನ್ನು ತಳ್ಳುವ ಒತ್ತಡದ ವ್ಯತ್ಯಾಸವನ್ನೇ ಅಳೆಯಲು ಹೋಗುವವರಿಗೆ ಇನ್ನೊಂದು ತಲೆನೋವು. ಒಂದು ಕಿಲೋಮೀಟರ್ ದಪ್ಪದ ಗಾಳಿ ಪಕ್ಕದ್ದಕ್ಕಿಂತ 1 ಡಿಗ್ರಿ ಬಿಸಿಯಿದ್ದರೆ ನೆಲದಲ್ಲಿ ಒತ್ತಡದ ವ್ಯತ್ಯಾಸ 0.4 ಹೆಕ್ಟೊಪಾಸ್ಕಲ್ ಕೂಡ ಆಗುವುದಿಲ್ಲ. ಉಪಕರಣದ ಎತ್ತರ ಬರೆಯುವಾಗ 1 ಮೀಟರ್ ತಪ್ಪಿದರೆ 0.1 ಅಲ್ಲೇ ಹೋಯಿತು. ಮೊಬೈಲ್ ತೋರಿಸಿದ ಎತ್ತರವನ್ನು ನಂಬಬೇಡಿ, ಸರ್ವೆ ಮಾಡಿಸಿ.

ಇನ್ನು ಕಂಪ್ಯೂಟರ್ ಮಾದರಿ. ಹವಾಮಾನ ಲೆಕ್ಕ ಹಾಕುವ ಡಬ್ಲ್ಯೂಆರ್‌ಎಫ್‌ನಂಥ ಮಾದರಿಯನ್ನು, ನೆಲವನ್ನು 3 ಕಿಲೋಮೀಟರ್ ಚೌಕಗಳಾಗಿ ಹಂಚಿ ಓಡಿಸಿದರೆ ಬೀದರಿನ ಅಂಚು ಸವೆದು ಸಣ್ಣ ಏರಾಗುತ್ತದೆ. ಅದು ಗಾಳಿಯ ಲೆಕ್ಕ ಹಾಕುವ ತೀರಾ ಕೆಳಗಿನ ಪದರವೂ ಎಷ್ಟೋ ಸಲ 20–30 ಮೀಟರ್ ಮೇಲೆ. ಹವಾಮಾನ ಕೇಂದ್ರ 'ಗಾಳಿ ಇಲ್ಲ' ಅನ್ನುತ್ತದೆ, ಮಾದರಿಯೂ ಅದನ್ನೇ ಅನ್ನುತ್ತದೆ. ವರದಿಯಲ್ಲಿ 'ಹೊಂದಿಕೆ ಚೆನ್ನಾಗಿದೆ' ಅಂತ ಸಾಲು ಬೀಳುತ್ತದೆ! ಇಬ್ಬರಿಗೂ ಕಾಣದ ವಿಷಯದಲ್ಲಿ ಇಬ್ಬರೂ ಒಪ್ಪಿದರೆ ಅದು ಪುರಾವೆ ಅಲ್ಲ, ಅಲ್ವಾ? ಚೌಕ ಸಣ್ಣದು ಮಾಡಿದರಷ್ಟೇ ಸಾಲದು. ಕೆಳಗಿನ ಪದರಗಳನ್ನು ಒತ್ತೊತ್ತಾಗಿ ಇಡಬೇಕು. ಮೇಲಿನ ಒಣ ಕೆಂಪು ನೆಲ ಬೇಗ ತಣ್ಣಗಾಗುತ್ತದೆ, ನೀರು ಹಾಯಿಸಿದ ಕಬ್ಬಿನ ಗದ್ದೆಯ ಎರೆಮಣ್ಣು ತಡವಾಗಿ. ಮಣ್ಣಿನ ತೇವ ಸರಿಯಾಗಿ ಕೊಡದಿದ್ದರೆ ಮಾದರಿಯ ಗಾಳಿಯ ವೇಗವೂ, ಹೊತ್ತೂ ತಪ್ಪುತ್ತದೆ.

ಇದು ಸುಮ್ನೆ ಲೆಕ್ಕದ ಆಟ ಅಲ್ಲ. ಕಾಯಿಕೊರಕಕ್ಕೆ ಅಂತ ಸಂಜೆ ತೊಗರಿಗೆ ಔಷಧ ಹೊಡೆಯುವವರಿದ್ದಾರೆ. ಗಾಳಿ ನಿಂತಿದೆ ಅಂದುಕೊಳ್ಳುತ್ತಾರೆ. ಆದರೆ ಸಣ್ಣ ಹನಿಗಳು ಮೇಲೇರಿ ಚದುರುವುದಿಲ್ಲ, ಆ ತೆಳು ಹರಿವಿನ ಜೊತೆ ತಗ್ಗಿನ ಮನೆಗಳ ಕಡೆ, ಹಳ್ಳದ ಕಡೆ ಹೋಗುತ್ತವೆ. ಅಂಥ ಸಂಜೆ ಪಂಪು ಕೆಳಗಿಡಿ. ಮರುದಿನ ಬಿಸಿಲು ಬಿದ್ದು, ಹೊಗೆ ಮತ್ತೆ ಮೇಲೇರತೊಡಗಿದ ಮೇಲೆ ಹೊಡೆಯಿರಿ.