ಹತ್ತಿರದ ದಾರಿಗಿಂತ ಸರಿಯಾದ ಜೋಡಿ ಮುಖ್ಯ

ಲಾರಿಗೆ ರೂಟ್ ಹಾಕೋದು ಅಂದ್ರೆ ಮ್ಯಾಪಲ್ಲಿ ಹತ್ತಿರದ ದಾರಿ ಹುಡುಕೋದು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಆದ್ರೆ ಆ ಕೆಲಸ ಈಗ ಫೋನೇ ಮಾಡುತ್ತೆ, ನಿಜವಾದ ತಲೆನೋವು ಇರೋದು ಯಾವ ಊರಿನ ಲೋಡನ್ನ ಯಾವುದರ ಜೊತೆ ಒಂದೇ ಗಾಡಿಗೆ ಹಾಕ್ಬೇಕು ಅನ್ನೋದ್ರಲ್ಲಿ. ಒಂದೇ ಗಾಡಿಗೆ ಹಾಕಿದ ಮೇಲೂ ಯಾವ ಊರು ಮೊದಲು, ಯಾವುದು ಆಮೇಲೆ ಅನ್ನೋ ಲೆಕ್ಕ ಇರುತ್ತೆ: ಯಶವಂತಪುರದಿಂದ ಹೊರಟು 10 ಕಡೆ ಮಾಲು ಇಳಿಸಿ ವಾಪಸ್ ಬರೋಕೆ 18,14,400 ಸುತ್ತು ಸಾಧ್ಯ, ಅದೂ ಒಂದು ಸುತ್ತನ್ನ ಉಲ್ಟಾ ಹೋದ್ರೂ ಅದೇ ಸುತ್ತು ಅಂತ ಲೆಕ್ಕ ಹಾಕಿದ್ರೆ! 15 ಕಡೆ ಆದ್ರೆ 65 ಸಾವಿರ ಕೋಟಿ ದಾಟುತ್ತೆ.

1959ರಲ್ಲಿ ಡಾಂಟ್ಜಿಗ್ ಮತ್ತು ರಾಮ್ಸರ್ ಅನ್ನೋ ಇಬ್ಬರು ಸಂಶೋಧಕರು ಈ ಸಮಸ್ಯೆನ ಗಣಿತಕ್ಕೆ ತಂದ್ರು, ಅವರು ತಗೊಂಡಿದ್ದು ಪೆಟ್ರೋಲ್ ಡಿಪೋದಿಂದ ಪೆಟ್ರೋಲ್ ಬಂಕ್‌ಗಳಿಗೆ ಹೋಗೋ ಟ್ಯಾಂಕರ್‌ಗಳನ್ನ. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಅನ್ನೋ ಇನ್ನಿಬ್ಬರು ಕೊಟ್ಟ ಉಪಾಯ ನನಗೆ ತುಂಬಾ ಇಷ್ಟ, ಪೆನ್ನು ಪೇಪರ್ ಇದ್ರೆ ಸಾಕು. ಮೊದಲು ಒಂದೊಂದು ಊರಿಗೂ ಒಂದೊಂದು ಗಾಡಿ ಅಂತ ಇಟ್ಕೊಳ್ಳಿ. ಬೆಂಗಳೂರಿಂದ ತುಮಕೂರು ಸುಮಾರು 70 ಕಿ.ಮೀ., ಶಿರಾ 120, ಬೇರೆ ಬೇರೆ ಹೋಗಿ ಬಂದ್ರೆ 380 ಆಗುತ್ತೆ, ಒಂದೇ ಗಾಡಿಲಿ ಎರಡೂ ಮುಗಿಸಿದ್ರೆ 240, ಅಂದ್ರೆ 140 ಉಳೀತು. ತುಮಕೂರಿಗೆ ಕೋಲಾರ ಸೇರಿಸಿದ್ರೆ ಹೆಚ್ಚೇನೂ ಉಳಿಯಲ್ಲ, ಒಂದು ಆ ದಿಕ್ಕು, ಇನ್ನೊಂದು ಈ ದಿಕ್ಕು. ಜಾಸ್ತಿ ಉಳಿಸೋ ಜೋಡಿನ ಮೊದಲು ಸೇರಿಸ್ತಾ, ಗಾಡಿ ತುಂಬೋವರೆಗೂ ಹೀಗೇ ಹೋಗೋದು. ಬರೋ ಉತ್ತರ ಎಲ್ಲಕ್ಕಿಂತ ಒಳ್ಳೇದೇ ಅಂತ ಗ್ಯಾರಂಟಿ ಇಲ್ಲ, ಆದ್ರೂ ಬೇಗ ಸಿಗುತ್ತೆ, ಕೆಲಸಕ್ಕೂ ಬರುತ್ತೆ.

ಒಂದು ಊರಿನ ಲಾರಿ ಟರ್ಮಿನಲ್‌ನಿಂದ ಇನ್ನೊಂದು ಊರಿನ ಟರ್ಮಿನಲ್‌ಗೆ ಅಂತ ಬಂದಾಗ ದುಡ್ಡು ತಿನ್ನೋದು ಖಾಲಿ ಓಡಾಟ. ಬೆಂಗಳೂರಿಂದ ಹುಬ್ಬಳ್ಳಿಗೆ ಒಂದು ಲೋಡ್, ಮಂಗಳೂರಿಂದ ಬೆಂಗಳೂರಿಗೆ ಇನ್ನೊಂದು ಲೋಡ್ ಇದೆ ಅನ್ಕೊಳ್ಳಿ. ಬೆಂಗಳೂರಿನ ಎರಡು ಲಾರಿ ಬೇರೆ ಬೇರೆ ಹೋದ್ರೆ ಒಂದು ಬರ್ತಾ ಖಾಲಿ, ಇನ್ನೊಂದು ಹೋಗ್ತಾ ಖಾಲಿ, ಸುಮಾರು 410 ಮತ್ತು 350, ಒಟ್ಟು 760 ಕಿ.ಮೀ. ಡೀಸೆಲ್, ಟೋಲ್ ಎಲ್ಲಾ ದಂಡ. ಅದೇ ಹುಬ್ಬಳ್ಳಿಲಿ ಇಳಿಸಿದ ಗಾಡಿನ ಅಂಕೋಲಾ ಮೇಲೆ ಮಂಗಳೂರಿಗೆ ಕಳಿಸಿದ್ರೆ ಖಾಲಿ ಓಡೋದು ಸುಮಾರು 360 ಅಷ್ಟೇ, ಹುಬ್ಬಳ್ಳಿಯಿಂದ ಮಂಗಳೂರಿಗೇ ಒಂದು ಲೋಡ್ ಸಿಕ್ಕಿದ್ರಂತೂ ಅದೂ ಇಲ್ಲ. ಒಂದೇ ಲಾರಿ ಸಾಕಾಯ್ತು.

ಆದ್ರೆ ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟ್ ಬಂದ್ ಆದ್ರೆ ಮಂಗಳೂರು-ಬೆಂಗಳೂರು ದೂರವೇ ಬದಲಾಗುತ್ತೆ, ಜೋಡಿಗಳೂ ಬದಲಾಗ್ತವೆ, ಹಾಗಾಗಿ ಲೆಕ್ಕ ದಿನಾ ಹೊಸದಾಗಿ ಹಾಕ್ಬೇಕು. ಜೊತೆಗೆ ಡ್ರೈವರ್ ನಿದ್ದೆ, ಅನ್‌ಲೋಡಿಂಗ್‌ಗೆ ಕಾಯೋ ಹೊತ್ತು, ಸಿಟಿಲಿ ದೊಡ್ಡ ಗಾಡಿಗೆ ನೋ ಎಂಟ್ರಿ ಇರೋ ಟೈಮ್, ಇವನ್ನೆಲ್ಲ ಕಿ.ಮೀ. ಜೊತೆಗೇ ಸೇರಿಸ್ಬೇಕು, ಇಲ್ಲಾಂದ್ರೆ ಪೇಪರ್ ಮೇಲೆ ಉಳಿದ ಡೀಸೆಲ್ಲು ಊರಾಚೆ ಕಾಯ್ತಾ ನಿಂತಲ್ಲೇ ಬಾಡಿಗೆ ಸಮೇತ ಹೋಗುತ್ತೆ.